ಬಸ್ಸು ತಿರುಗುವಷ್ಟು ಜಾಗ

"ನನ್ನ ಊರೆಲ್ಲಿ?"

ಬಾಗಿಲಲ್ಲೇ ನಿಂತು ಅವಳು ಕೇಳಿದಳು. ಹೆಗಲಿನ ಟಿಕೆಟ್ ಚೀಲ ಇಳಿಸುವಷ್ಟೂ ತಾಳ್ಮೆ ಇರಲಿಲ್ಲ.

ಬೇರೆ ಡಿಪೋದಿಂದ ಹೊಸದಾಗಿ ಬಂದಿದ್ದ ಮೆಕ್ಯಾನಿಕ್ ಕಂಪ್ಯೂಟರಿನ ಮುಂದಿನಿಂದ ತಿರುಗಿ ನೋಡಿದ. "ಯಾವ ಊರು?"

"ನಿನ್ನೆವರೆಗೆ ಈ ಡಬ್ಬದೊಳಗೆ ಒಂದು ಊರಿತ್ತು. ನಾಲ್ಕು ಸಾವಿರ ಜನ ಇದ್ರು. ಆಸ್ಪತ್ರೆ ಮೊನ್ನೆ ತಾನೇ ಮುಗಿದಿತ್ತು."

ಅವನ ಮುಖ ಇಳಿದುಹೋಯಿತು. ಪರದೆಯ ಮೇಲೆ ಕೋಟೆಯೊಂದು ಅರ್ಧ ಎದ್ದು ನಿಂತಿತ್ತು. ಆ ಕೋಟೆಯ ಆಟಕ್ಕೆ ಜಾಗ ಸಾಲದೆ, ಯಾರದೋ ಹಳೆಯದಿರಬೇಕು ಎಂದುಕೊಂಡು ಅವನು ಇನ್ನೊಂದು ಆಟವನ್ನು ಅಳಿಸಿಹಾಕಿದ್ದ.

ಅದು ಬಸ್ ಡಿಪೋದ ವಿಶ್ರಾಂತಿ ಕೋಣೆ. ಎರಡು ಬೆಂಚು, ಒಂದು ನೀರಿನ ಪೀಪಾಯಿ, ಮೂಲೆಯಲ್ಲಿ ಆಫೀಸಿನವರಿಗೆ ಬೇಡವಾಗಿ ಬಂದ ಆ ಕಂಪ್ಯೂಟರ್. ಉಳಿದವರು ಅರ್ಧ ಗಂಟೆಯ ಬಿಡುವಿನಲ್ಲಿ ಇಸ್ಪೀಟು ಆಡುತ್ತಿದ್ದರು, ಇಲ್ಲವೇ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದರು. ಅವಳು ಮಾತ್ರ ಊರು ಕಟ್ಟುತ್ತಿದ್ದಳು. ಬೆಳಗಿನಿಂದ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗಿ ಕೂಗಿ ಗಂಟಲು ಕಟ್ಟಿರುತ್ತಿತ್ತು. ಅವಳ ಊರಿನಲ್ಲಿ ಯಾರೂ ಬಸ್ಸಿನ ಮೆಟ್ಟಿಲ ಮೇಲೆ ಜೋತುಬೀಳುತ್ತಿರಲಿಲ್ಲ.

ಎರಡು ತಿಂಗಳ ಕೆಲಸ. ಒಂದು ಬಟನ್ನಿಗೆ ಹೋಗಿತ್ತು.

ಅವನು ತಪ್ಪಾಯಿತು ಎಂದ. ತಪ್ಪಾಯಿತು ಅಂದರೆ ನಾಲ್ಕು ಸಾವಿರ ಜನ ವಾಪಸ್ ಬರುತ್ತಾರಾ ಎಂದು ಅವಳು ಕೇಳಿದಳು. ಅವನು ಎದ್ದು ಅವಳಿಗೆ ಜಾಗ ಬಿಟ್ಟುಕೊಟ್ಟ. ಅದು ಅವಳನ್ನು ಇನ್ನಷ್ಟು ಉರಿಸಿತು.

ಪಂಚಾಯ್ತಿಗೆ ಬಂದವರು ಟೈಮಪ್ಪ. ಬಸ್ಸುಗಳು ಹೊರಟ ಹೊತ್ತು, ಬಂದ ಹೊತ್ತು ಬರೆದು ಬರೆದೇ ತಲೆ ನರೆತ ಹಿರಿಯರು. ಅವರ ನಿಜವಾದ ಹೆಸರು ಡಿಪೋದಲ್ಲಿ ಯಾರಿಗೂ ನೆನಪಿರಲಿಲ್ಲ.

"ಆ ಯಂತ್ರದ ಹೊಟ್ಟೆ ಹಿಡಿಯೋದು ಒಂದೇ ಆಟ," ಎಂದರು ಅವರು. "ಕಪಾಟಿನಲ್ಲಿ ಊರು ಕಟ್ಟೋ ಆಟದ ಡಿಸ್ಕು ಮೂರಿದಾವೆ. ವಾರಕ್ಕೊಂದು ಇಬ್ಬರೂ ಸೇರಿ ಆಡಿ ನೋಡಿ, ಒಂದನ್ನ ಆರಿಸ್ಕೊಳ್ಳಿ. ಜಗಳ ಮುಂದುವರಿದ್ರೆ ಡಬ್ಬ ವಾಪಸ್ ಆಫೀಸಿಗೆ."

ಹೀಗೆ ಅವರಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುವಂತಾಯಿತು. ನಡುವೆ ಇನ್ನೊಬ್ಬರು ಆರಾಮವಾಗಿ ಮಲಗಬಹುದಿತ್ತು.

ಮೊದಲ ವಾರ ಅವನ ಕೋಟೆಯ ಆಟ. ಆಚೆಯಿಂದ ಶತ್ರುಗಳು ಬರುತ್ತಾರೆ, ಗೋಡೆ ಎಬ್ಬಿಸಿ ಊರು ಉಳಿಸಿಕೊಳ್ಳಬೇಕು. ಅವನು ಗೋಡೆಗೆ ಮುಂಚೆ ಬಾವಿ ತೋಡಿದ. ಆಮೇಲೆ ವೈದ್ಯರ ಮನೆ ಕಟ್ಟಿದ. ಗೋಡೆಯ ಸರದಿ ಬರುವಷ್ಟರಲ್ಲಿ ಶತ್ರುಗಳು ಬಂದು ಊರನ್ನೇ ಸುಟ್ಟು ಹೋದರು. ಮೂರು ಸಲ ಆಡಿದ, ಮೂರು ಸಲವೂ ಅದೇ ಕಥೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಮೊದಲು ಗೋಡೆ ಕಟ್ಟಬಾರದಾ ಎಂದಳು. ಕಟ್ಟುವವರಿಗೆ ಬಾಯಾರಿಕೆ ಆಗೋದಿಲ್ವಾ ಎಂದು ಅವನು ನಿಜವಾಗಿಯೂ ಯೋಚಿಸಿಯೇ ಕೇಳಿದ.

ಅವಳ ನಗು ಅಲ್ಲೇ ನಿಂತಿತು. ‘ಇವನು ಎಂಥ ಮನುಷ್ಯ...’ ಎಂದು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು.

ಎರಡನೆಯದು ಹಿಮ ಬೀಳುವ ಸೀಮೆಯ ಆಟ. ಸೌದೆ, ಕಾಳು ಕೂಡಿಡದಿದ್ದರೆ ಚಳಿಗಾಲ ದಾಟುವುದಿಲ್ಲ. ಮೂರನೆಯ ದಿನ ಸೌದೆ ಮುಗಿಯಿತು. ವಯಸ್ಸಾದವರ ಹೆಸರುಗಳು ಒಂದೊಂದಾಗಿ ಪರದೆಯ ಮೇಲಿನಿಂದ ಅಳಿಸಿಹೋಗತೊಡಗಿದವು. ಅವಳ ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅದನ್ನು ಅವಳು ಅವನಿಗೆ ಹೇಳಿರಲೂ ಇಲ್ಲ. ಮೌಸಿನ ಮೇಲಿದ್ದ ಬೆರಳು ಮಾತ್ರ ಹಾಗೆಯೇ ನಿಂತುಬಿಟ್ಟಿತು.

ಅವನು ಕೈಚಾಚಿ ಆಟ ಮುಚ್ಚಿದ. "ಇದು ನಮಗೆ ಬೇಡ," ಎಂದ. ನೀರಿನ ಪೀಪಾಯಿಯಿಂದ ಒಂದು ಲೋಟ ತುಂಬಿ ಅವಳ ಪಕ್ಕದಲ್ಲಿಟ್ಟು ಕೆಲಸಕ್ಕೆ ಹೋದ.

ಆ ಹೊತ್ತಿಗೆ ಬೆಂಚಿನ ನಡುವಿನ ಜಾಗ ಒಂದು ಟಿಕೆಟ್ ಚೀಲದಷ್ಟಕ್ಕೆ ಇಳಿದಿತ್ತು.

ಮೂರನೆಯದು ಅವಳದೇ ಹಳೆಯ ಆಟ. ಈಗಿನ ಕಾಲದ ಪಟ್ಟಣ. ರಸ್ತೆ, ನೀರು, ಚರಂಡಿ, ಬಸ್ಸು. ಅದನ್ನು ಹಾಕಿದ ದಿನವೇ ಇಬ್ಬರಿಗೂ ಗೊತ್ತಾಯಿತು, ಇನ್ನು ಆರಿಸುವುದಕ್ಕೆ ಏನೂ ಉಳಿದಿಲ್ಲ ಎಂದು. ಆದರೂ ವಾರ ಮುಗಿಯಲಿ ಎಂದು ಇಬ್ಬರೂ ಟೈಮಪ್ಪನಿಗೆ ಹೇಳದೆ ಮುಚ್ಚಿಟ್ಟರು.

ಅವನು ಕೊಳವೆಗಳನ್ನು ಮೊದಲು ಹೂಳಿ, ಆಮೇಲೆ ಮೇಲೆ ರಸ್ತೆ ಹಾಕುತ್ತಿದ್ದ. ಮತ್ತೆ ಅಗೆಯುವ ಕೆಲಸವೇ ಬೀಳುತ್ತಿರಲಿಲ್ಲ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳು ಬಸ್ಸಿನ ದಾರಿ ಎಳೆಯುವಾಗ ನೋಡುವ ಸರದಿ ಅವನದು.

ಒಂದು ದಿನ ಅವಳು ಗುಡ್ಡದ ಬುಡದವರೆಗೂ ಬಸ್ಸು ಬಿಟ್ಟಳು. ಅಲ್ಲಿದ್ದದ್ದು ಒಂಟಿ ಮನೆ. ಅಲ್ಲಿಗೆ ಯಾರು ಹೋಗುತ್ತಾರೆ, ಇರುವುದೇ ಒಂದು ಮನೆ ಎಂದು ಅವನು ಹೇಳಿದ.

"ಒಂದು ಮನೆ ಇದೆಯಲ್ಲ," ಎಂದಳು ಅವಳು.

ಸ್ಪ್ಯಾನರ್ ಹಿಡಿದು ಎಷ್ಟೋ ಬಸ್ಸುಗಳ ಹೊಟ್ಟೆ ಬಗೆದವನು, ಬಸ್ಸು ಓಡುವುದು ಯಾತಕ್ಕೆ ಎಂದು ಅವತ್ತು ಮೊದಲ ಸಲ ಯೋಚಿಸಿದವನ ಹಾಗೆ ಕೂತಿದ್ದ.

ಮಾರನೆಯ ದಿನ ಅವಳು ಬಂದಾಗ ಅವನಿರಲಿಲ್ಲ. ಅವನ ಬಿಡುವಿಗೆ ಇನ್ನೂ ಕಾಲು ಗಂಟೆ ಇತ್ತು. ಪರದೆಯ ಮೇಲೆ, ಕೆರೆಯಾಚೆ, ಹೊಸದೊಂದು ರಸ್ತೆ ಹುಟ್ಟಿತ್ತು. ಅದರ ತುದಿಗೆ ಒತ್ತಿಕೊಂಡು ಒಂದು ಪುಟ್ಟ ಮನೆ. ಮನೆಯ ಹೆಸರು ಬರೆಯುವ ಜಾಗದಲ್ಲಿ ಅವನು ಬರೆದಿದ್ದ:

‘ಇಲ್ಲಿಯವರೆಗೂ ಬರ್ತೀರಾ?’

ಕೋಣೆಯಲ್ಲಿ ಇಸ್ಪೀಟಿನವರು ತಮ್ಮ ಪಾಡಿಗೆ ಕೂತಿದ್ದರು. ಯಾರೂ ನೋಡಲಿಲ್ಲ. ಆದರೂ ಕೆನ್ನೆ ಬಿಸಿಯಾಯಿತು.

ಬಾಯಿಬಿಟ್ಟು ಕೇಳಲು ಬಾರದ ಮನುಷ್ಯ, ಮನೆ ಕಟ್ಟಿ ಕೇಳಿದ್ದಾನೆ... ಉತ್ತರವೂ ಹಾಗೆಯೇ ಹೋಗಲಿ ಎಂದು ಅವಳು ಆ ಮನೆಯ ಬಾಗಿಲಿಗೇ ಬಸ್ಸು ಬಿಟ್ಟಳು.

ಬಸ್ಸು ಬಂತು. ಬಂದದ್ದು ನಿಂತೇಬಿಟ್ಟಿತು. ಮನೆ ರಸ್ತೆಯ ಕೊನೆಯನ್ನು ಮುಚ್ಚಿದ್ದರಿಂದ ತಿರುಗಿಸಲು ಜಾಗವಿಲ್ಲ. ಅದರ ಹಿಂದೆ ಎರಡನೆಯದು, ಮೂರನೆಯದು. ಅವಳು ಒಬ್ಬಳೇ ನಕ್ಕಳು. ಮನೆಯನ್ನು ನಾಲ್ಕು ಮಾರು ಹಿಂದಕ್ಕೆ ಸರಿಸಬೇಕು. ಆ ಆಟದಲ್ಲಿ ಸರಿಸುವುದು ಅಂದರೆ ಕೆಡವಿ ಮತ್ತೆ ಕಟ್ಟುವುದು.

ಆ ದಾರಿಯ ಬಸ್ಸುಗಳನ್ನೆಲ್ಲ ತೆಗೆದು, ಮನೆ ಕೆಡವಿದಳು. ಬಸ್ಸು ಸುತ್ತು ಹಾಕುವಷ್ಟು ನೆಲ ಅಳೆದಳು. ಅಷ್ಟರಲ್ಲಿ ಟೈಮಪ್ಪ ಬಾಗಿಲಿಗೆ ಬಂದರು. ದೂರದ ರೂಟಿನ ಕಂಡಕ್ಟರಿಗೆ ಜ್ವರ, ಬಸ್ಸು ಕಾಯುತ್ತಿದೆ, ಈಗಲೇ ಹತ್ತಬೇಕು ಎಂದರು. ಅವಳು ಇದ್ದ ಹಾಗೆಯೇ ಉಳಿಸಿ ಓಡಿದಳು.

ಆ ರೂಟಿನ ಬಸ್ಸು ಕೊನೆಯ ಊರಿನಲ್ಲೇ ತಂಗಿ ಮಾರನೆಯ ದಿನ ರಾತ್ರಿ ಬರುತ್ತಿತ್ತು. ಅದರ ಮಾರನೆಯ ದಿನ ಅವಳ ವಾರದ ರಜೆ. ಮನೆಯಲ್ಲಿ ಬಟ್ಟೆ ಮಡಚುತ್ತಾ ಕೂತವಳನ್ನು ಅತ್ತಿಗೆ ಹಿಡಿದುಹಾಕಿದಳು. "ಒಬ್ಬಳೇ ನಗ್ತಿದೀಯಲ್ಲ, ನನಗೂ ಹೇಳು, ನಾನೂ ಸ್ವಲ್ಪ ನಗ್ತೀನಿ," ಎಂದು ಪೀಡಿಸಿದಳು. ಇವಳು ಒಂದೇ ಅಂಗಿಯನ್ನು ಮೂರು ಸಲ ಮಡಚಿದಳು.

ರಜೆ ಮುಗಿಸಿ ಬಂದವಳನ್ನು ಟೈಮಪ್ಪ ಗೇಟಿನಲ್ಲೇ ನಿಲ್ಲಿಸಿದರು.

"ಅವನಿಗೆ ಏನಂದೆ ಮಗಳೇ?"

ಏನೂ ಅಂದಿಲ್ಲವಲ್ಲ ಎಂದಳು. ಹಾಗಾದರೆ ಅವನು ಯಾಕೆ ಗಡಿ ಡಿಪೋಗೆ ಹೋಗ್ತೀನಿ ಅಂತ ತಾನಾಗಿಯೇ ಬರೆದುಕೊಟ್ಟ ಎಂದು ಅವರು ಕೇಳಿದರು. ಅಲ್ಲಿ ಮೂರು ತಿಂಗಳು ಜನ ಬೇಕಾಗಿತ್ತು, ಯಾರೂ ಒಪ್ಪಿರಲಿಲ್ಲ. ಇವನು ಆ ಆಟದ ಮುಂದೆ ಒಂದು ನಿಮಿಷ ಕೂತ, ಎದ್ದ, ಸೀದಾ ಆಫೀಸಿಗೆ ಹೋಗಿ ಸಹಿ ಹಾಕಿದ. ವ್ಯಾನು ಇನ್ನು ಹತ್ತು ನಿಮಿಷಕ್ಕೆ ಹೊರಡುತ್ತದೆ.

ಅವಳಿಗೆ ಪರದೆ ಕಣ್ಣಮುಂದೆ ಬಂತು. ಕೆರೆಯಾಚೆಯ ರಸ್ತೆ. ಅದರ ತುದಿಯಲ್ಲಿ ಮನೆಯಿಲ್ಲ, ಪ್ರಶ್ನೆಯಿಲ್ಲ, ಬರೀ ಕೆಡವಿದ ನೆಲ.

‘ಅಯ್ಯೋ, ನಾನು ಇಲ್ಲ ಅಂದೆ ಅಂದ್ಕೊಂಡ...’

ಅವಳು ಓಡಿದಳು. ಸಾಲಾಗಿ ನಿಂತ ಬಸ್ಸುಗಳ ನಡುವೆ, ಡೀಸೆಲ್ ಚೆಲ್ಲಿದ ನೆಲದ ಮೇಲೆ, ಜಾರುತ್ತಾ, ಸಾವರಿಸಿಕೊಳ್ಳುತ್ತಾ. ಬಸ್ಸಿನ ಅಡಿ ರಿಪೇರಿ ಮಾಡಲೆಂದು ನೆಲ ತೋಡಿದ ಪಿಟ್ಟಿನಲ್ಲಿ ಅವನು ನಿಂತಿದ್ದ. ಹೊರಡುವ ಮುಂಚೆ ಹಿಡಿದ ಕೆಲಸ ಮುಗಿಸುತ್ತಿದ್ದ. ಅದೂ ಅವನ ಸ್ವಭಾವವೇ. ಅವಳಿಗೆ ಕಂಡದ್ದು ಅವನ ತಲೆ ಮತ್ತು ಮೇಲೆತ್ತಿದ ಎರಡು ಕೈ.

ಅವಳು ಪಿಟ್ಟಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಉಸಿರು ಹಿಡಿತಕ್ಕೆ ಬರಲಿಲ್ಲ.

"ಮನೇನ ರಸ್ತೆ ತುದಿಗೆ ಅಂಟಿಸಿ ಕಟ್ಟಿದ್ರಲ್ಲ. ಬಂದ ಬಸ್ಸು ತಿರುಗೋದು ಹೇಗೆ?"

ಅವನು ಕೈ ಇಳಿಸಿದ. ಅರ್ಥವಾಗದೆ ನೋಡಿದ.

"ಬಸ್ಸು ಬಿಟ್ಟೆ ನಾನು. ಆ ಮನೆ ಬಾಗಿಲವರೆಗೂ ಬಿಟ್ಟೆ. ಮೂರು ಬಸ್ಸು ಅಲ್ಲೇ ಸಿಕ್ಕಿಹಾಕ್ಕೊಂಡ್ವು. ಹಿಂದೆ ಸರಿಸಿ ಕಟ್ಟೋಣ ಅಂತ ಕೆಡವಿದೆ. ಅಷ್ಟರಲ್ಲಿ ಡ್ಯೂಟಿಗೆ ಕರೆದ್ರು."

ಅವನ ಕೈಯಿಂದ ಸ್ಪ್ಯಾನರ್ ಜಾರಿ ಪಿಟ್ಟಿನ ತಳಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳುವುದೂ ಅವನಿಗೆ ತೋಚಲಿಲ್ಲ.

"ಹಾಗಾದ್ರೆ... ನಾನು ಕೇಳಿದ್ದಕ್ಕೆ?"

"ಬರ್ತೀನಿ," ಎಂದಳು. "ಬಂದು ಹೋಗೋಕಲ್ಲ. ಇರೋಕೆ. ನಿಮ್ಮಂಥವರ ಜೊತೆ ಇರಬೇಕು ಅಂತ ನನಗೆ ಆ ಬಾವಿ ತೋಡಿದ ದಿನಾನೇ ಅನ್ನಿಸಿತ್ತು."

ಹತ್ತು ವರ್ಷ ಬಸ್ಸು ರಿಪೇರಿ ಮಾಡಿದವನು, ಅದು ತಿರುಗಲು ಜಾಗ ಬೇಕು ಅನ್ನುವುದನ್ನೇ ಮರೆತೆ ಎಂದು ಅವನು ತಲೆ ತಗ್ಗಿಸಿದ. ಒಂದು ಮಾತು ಕೇಳದೆ ಸಹಿ ಹಾಕಿದ್ದಕ್ಕೆ ಅವಳು ಬೈದಳು. ಅವನು ಬೈಸಿಕೊಂಡ. ಇಬ್ಬರ ಕಣ್ಣಲ್ಲೂ ನೀರಿತ್ತು, ಇಬ್ಬರೂ ನಗುತ್ತಿದ್ದರು.

ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಸಹಿ ಹಾಕಿದ ಮೇಲೆ ಹೋಗಲೇಬೇಕು. ಮೂರು ತಿಂಗಳು, ಅಷ್ಟು ದೂರ.

ಗಡಿ ಡಿಪೋದ ರೂಟನ್ನು ನಾಳೆಯಿಂದಲೇ ಕೇಳಿ ಹಾಕಿಸಿಕೊಳ್ಳುತ್ತೇನೆ ಎಂದಳು ಅವಳು.

"ಆ ರೂಟ್ ಯಾರೂ ಕೇಳಲ್ಲ," ಎಂದ ಅವನು, ಪಿಟ್ಟಿನಿಂದ ಮೇಲೆ ಬರುತ್ತಾ. "ರಸ್ತೆ ಪೂರ್ತಿ ಹಾಳು. ನಡುದಾರೀಲಿ ಬಸ್ಸು ಕೆಟ್ಟು ನಿಂತ್ರೆ ಏನ್ ಮಾಡ್ತೀರಿ?"

ಅವಳು ಅವನ ಮಸಿಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀವಿರ್ತೀರಲ್ಲ," ಎಂದಳು.