ಅಂಚಿನಲ್ಲಿ ‘ಬಿಡಿ’

“ನಿಮ್ಮ ಅಮ್ಮ ತೀರಿಕೊಂಡ ಪುಟ ಎಲ್ಲಿ?”

ಅವನು ಅವಳನ್ನು ಕೇಳಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಕೂತುಕೊಳ್ಳಿ ಎಂಬ ಉಪಚಾರವೂ ಇಲ್ಲ.

ಅವನು ಆ ಪ್ರಕಾಶನದಲ್ಲಿ ಕರಡು ತಿದ್ದುವವನು. ಕಚೇರಿಯಲ್ಲಿ ಎಲ್ಲರೂ ಅವನನ್ನು ‘ಕತ್ತರಿ’ ಎಂದೇ ಕರೆಯುತ್ತಿದ್ದರು. ಅವನ ಕೈಗೆ ಸಿಕ್ಕ ಹಸ್ತಪ್ರತಿ ಮೈ ಇಳಿಸಿಕೊಳ್ಳದೆ ವಾಪಸು ಬಂದದ್ದಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಸಿಗುವ ಹೊತ್ತಿನಲ್ಲಿ, ಕೈಬರಹದಲ್ಲೇ, ತನ್ನ ಬಾಲ್ಯವನ್ನು ಬರೆದಿದ್ದಳು.

“ಎಲ್ಲಾ ಇದೆಯಲ್ಲ,” ಎಂದಳು.

“ಇಲ್ಲ. ಈ ಪುಟದ ಕೊನೆಗೆ ಮನೆಗೆ ಬೆಂಕಿ ಬಿದ್ದಿದೆ. ಮುಂದಿನ ಪುಟದಲ್ಲಿ ನೀವು ಆಸ್ಪತ್ರೆಯಲ್ಲಿದ್ದೀರಿ. ನಡುವೆ ಏನಾಯ್ತು?”

‘ಏನು ಮನುಷ್ಯ ಇವನು... ಕಾಗುಣಿತ ತಪ್ಪಿದೆ ಅನ್ನೋ ಹಾಗೆ ಕೇಳ್ತಾನಲ್ಲ!’

ಹಸ್ತಪ್ರತಿಯ ಕಟ್ಟನ್ನು ಮೇಜಿನಿಂದ ಎಳೆದುಕೊಂಡು ಎದ್ದಳು. ಬಾಗಿಲ ಬಳಿ ಹೋದಾಗ ಹಿಂದಿನಿಂದ ಅವನ ದನಿ ಕೇಳಿಸಿತು. ಈ ಸಲ ಮೆತ್ತಗಿತ್ತು.

“ಉಳಿದದ್ದೆಲ್ಲ ಚೆನ್ನಾಗಿ ಬರೆದಿದ್ದೀರಿ. ಅದಕ್ಕೇ ಕೇಳಿದೆ.”

ಮನೆಯಲ್ಲಿ ಚಿಕ್ಕಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಅಕ್ಕ ಹೋದ ಮೇಲೆ ಅವಳ ಮಗಳನ್ನು ಸಾಕಿ ಬೆಳೆಸಿದವಳು.

“ಅವನ ಬಾಯಿಗೆ ಮಣ್ಣು ಹಾಕ,” ಎಂದಳು, ನಡೆದದ್ದನ್ನೆಲ್ಲ ಕೇಳಿ. ಇನ್ನೊಂದು ಟವೆಲ್ ಮಡಚಿದ ಮೇಲೆ ಅವಳ ದನಿ ಬದಲಾಯಿತು. “ಆದ್ರೂ ಕೇಳಿದ್ದು ಸರಿಯಾಗೇ ಇದೆ ಕಣೇ. ಅವಳು ನನಗೂ ಅಕ್ಕ. ಆ ಹೊತ್ತು ಏನಾಯ್ತು ಅಂತ ನನಗೂ ನೀನು ಇವತ್ತಿನ ತನಕ ಹೇಳಿಲ್ಲ.”

ಅವಳು ಮತ್ತೆ ಆ ಕಚೇರಿಯ ಮೆಟ್ಟಿಲು ಹತ್ತಿದಳು.

ಆಮೇಲಿನ ರಜಾದಿನಗಳೆಲ್ಲ ಅವನ ಮೇಜಿನ ಎದುರು ಕಳೆದವು.

“‘ಭೀಕರ’ ತೆಗೀರಿ,” ಎನ್ನುತ್ತಿದ್ದ.

“ಭೀಕರವಾಗೇ ಇತ್ತು.”

“ಇರಬಹುದು. ಕಿಟಕಿ ಪರದೆ ಯಾವ ಬಣ್ಣ ಇತ್ತು?”

“...ಹಳದಿ.”

“ಅದನ್ನ ಬರೀರಿ.”

ಒಮ್ಮೆ ಅವಳಿಗೆ ರೇಗಿತು. “ಮನೇಲೂ ಹೀಗೇನಾ? ಹೆಂಡತಿ ಮಾತಿಗೂ ಕೆಂಪು ಗೆರೆ ಎಳೀತೀರಾ?”

“ಹೆಂಡತಿ ಇಲ್ಲ.”

“ಯಾಕಿಲ್ಲ ಅಂತ ಈಗ ಗೊತ್ತಾಯ್ತು.”

ಅವನು ನಕ್ಕುಬಿಟ್ಟ. ನಗುವಾಗ ಅವನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ದಿನವಿಡೀ ಪರರ ಕಣ್ಣು ನೋಡುವ ಅವಳು ಆ ಒಂದು ಕಣ್ಣನ್ನು ಮನೆಗೆ ಹೋದ ಮೇಲೂ ಮರೆಯಲಿಲ್ಲ.

ಆದರೆ ಆ ಪುಟ ಮಾತ್ರ ಬರಲಿಲ್ಲ.

“ಬರೆದರೆ ಮನಸ್ಸು ಹಗುರ ಆಗುತ್ತೆ ಅಂತಾರೆ. ನನಗೆ ಆಗ್ತಿಲ್ಲ,” ಎಂದಳು ಒಂದು ದಿನ.

“ಆಗದೇ ಇರಬಹುದು. ಹಗುರ ಆಗಲಿ ಅಂತ ಬರೆದ್ರೆ, ಆಗದ ದಿನ ಪೆನ್ನು ಕೆಳಗಿಡ್ತೀರಿ. ಸರಿಯಾಗಿ ಹೇಳಬೇಕು ಅಂತ ಬರೆಯೋರು ನಾಳೆನೂ ಕೂರ್ತಾರೆ.”

ಆ ಮಾತು ಹಿಡಿದುಕೊಂಡು ಅವಳು ದಿನಾ ಕೂತಳು. ಕೆಲವು ದಿನ ಒಂದು ಸಾಲು, ಕೆಲವು ದಿನ ಅದೂ ಇಲ್ಲ. ಕೊನೆಗೊಂದು ಬೆಳಿಗ್ಗೆ ಆ ಪುಟ ಬಂತು. ಅವನ ಮೇಜಿನ ಮೇಲಿಟ್ಟು, ಅವನ ಮುಖ ನೋಡುವ ಧೈರ್ಯವಿಲ್ಲದೆ ಓಡಿಬಂದಳು.

ಪುಟ ಅಂಚೆಯಲ್ಲಿ ವಾಪಸು ಬಂತು. ಕೊನೆಯ ಸಾಲಿನಲ್ಲಿ ಅಮ್ಮ ಆಡಿದ ಮಾತಿನ ಮೇಲೆ ಕೆಂಪು ಗೆರೆ. ಅಂಚಿನಲ್ಲಿ ಒಂದೇ ಪದ.

ಬಿಡಿ.

‘ಇಷ್ಟೇನಾ? ಅಮ್ಮನ್ನ ಬಿಡಬೇಕಾ? ಬರೆಯೋದನ್ನ ಬಿಡಬೇಕಾ? ಇಲ್ಲ... ನಿಮ್ಮನ್ನಾ?’

ಪುಟವನ್ನು ಚೂರು ಚೂರು ಮಾಡಿದಳು. ಅವನ ಫೋನ್ ಎತ್ತಲಿಲ್ಲ. ಬೆಳಗಿನ ಹೊತ್ತು ಮಲಗಿಯೇ ಕಳೆಯತೊಡಗಿದಳು. ಚಿಕ್ಕಮ್ಮ ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ.

ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅವನೇ ಬಂದ.

“ಕಣ್ಣು ತೋರಿಸ್ಬೇಕಿತ್ತು.”

“ಕೂತ್ಕೊಳ್ಳಿ.” ಪರೀಕ್ಷೆಯ ಕನ್ನಡಕವನ್ನು ಅವನ ಮೂಗಿನ ಮೇಲಿಟ್ಟಳು. “ಕೆಳಗಿನ ಸಾಲು ಓದಿ.”

“ಕಾಣ್ತಿಲ್ಲ.”

“ನಿಮಗೆ ಹತ್ತಿರ ಇರೋದೂ ಕಾಣಲ್ಲ.”

“ನಾನೇನು ಮಾಡಿದೆ? ಅದಾದ್ರೂ ಹೇಳಿ.”

“ಬಿಡಿ ಅಂತ ಬರೆದಿರಿ. ಬಿಟ್ಟೆ.”

ಅವನು ಕನ್ನಡಕ ತೆಗೆದು ಅವಳನ್ನೇ ದಿಟ್ಟಿಸಿದ.

“ಗೆರೆ ಎಳೆದ ಪದದ ಕೆಳಗೆ ಚುಕ್ಕಿಗಳಿದ್ವು. ನೋಡಿದ್ರಾ?”

“ಯಾವ ಚುಕ್ಕಿ?”

“ತಪ್ಪಿ ಹೊಡೆದು ಹಾಕಿದ ಪದದ ಕೆಳಗೆ ಚುಕ್ಕಿ ಇಟ್ಟು, ಅಂಚಿನಲ್ಲಿ ‘ಬಿಡಿ’ ಅಂತ ಬರೀತೀವಿ. ಮುಟ್ಟಬೇಡಿ, ಇದ್ದ ಹಾಗೇ ಬಿಡಿ ಅಂತ. ನಮ್ಮ ಅಚ್ಚಿನ ಮನೆಯವರಿಗೆ ಅಷ್ಟು ಸಾಕು. ನೀವು ಅಲ್ಲಿಯವರಲ್ಲ ಅನ್ನೋದೇ ಮರೆತೆ.”

ಅವಳು ಸ್ಟೂಲು ಎಳೆದುಕೊಂಡು ಕೂತಳು. “ಮತ್ತೆ ಹೊಡೆದು ಹಾಕಿದ್ದಾದ್ರೂ ಯಾಕೆ?”

“ಕೈಯ ಅಭ್ಯಾಸ. ಒಳಗೆ ಹೋಗೋರು ‘ಬರ್ತೀನಿ’ ಅನ್ನಬೇಕಲ್ಲ, ನಿಮ್ಮಮ್ಮ ‘ಬಂದೆ’ ಅಂತ ಯಾಕಂದ್ರು ಅಂತ ಗೆರೆ ಎಳೆದೆ. ಎಳೆದ ಮೇಲೆ ಹೊಳೀತು. ನಾವೆಲ್ಲ ಹಾಗೇ ಅಲ್ವಾ ಹೇಳೋದು... ಇನ್ನೂ ಹೊರಟಿರಲ್ಲ, ಆಗಲೇ ಬಂದುಬಿಟ್ಟವರ ಹಾಗೆ ‘ಬಂದೆ’ ಅಂತೀವಿ.” ಅವನು ಕನ್ನಡಕವನ್ನು ಕೌಂಟರಿನ ಮೇಲಿಟ್ಟ. “ಅವತ್ತು ಬೇರೆ ಏನನ್ನೂ ತಿದ್ದೋಕೆ ನನ್ನಿಂದ ಆಗಲಿಲ್ಲ.”

“ಆ ಪುಟಾನ ಹರಿದು ಹಾಕಿದೆ,” ಎಂದಳು. “ಇನ್ನೊಂದು ಪ್ರತಿ ಇಲ್ಲ. ಮತ್ತೆ ಬರೀರಿ ಅನ್ನಬೇಡಿ. ಮತ್ತೆ ಬರೆದ್ರೆ ಅಮ್ಮನ್ನ ಇನ್ನೊಂದು ಸಲ ಒಳಗೆ ಕಳಿಸಿದ ಹಾಗೆ.”

ಅವನು ಜೇಬಿನಿಂದ ಪೆನ್ನು ತೆಗೆದು ಅವಳ ಮುಂದಿಟ್ಟ.

“ನನಗೆ ಬಾಯಿಪಾಠ ಇದೆ. ನಾನು ಹೇಳ್ತೀನಿ. ನೀವು ಕೈ ಆಡಿಸಿದ್ರೆ ಸಾಕು.”

ಅವಳು ಶಟರ್ ಅರ್ಧ ಇಳಿಸಿ ಬಂದು, ಕೌಂಟರಿನ ಮೇಲೆ ಬಿಳಿ ಹಾಳೆ ಹರಡಿಕೊಂಡಳು. ಅವನು ನಿಧಾನವಾಗಿ, ಒಂದೊಂದೇ ಸಾಲು ಹೇಳುತ್ತ ಹೋದ.

“ಅಮ್ಮ ನನ್ನನ್ನು ಎತ್ತಿಕೊಂಡು ಬಂದು ಗೇಟಿನ ಬಳಿ ಇಳಿಸಿದಳು. ಮಧ್ಯಾಹ್ನದ ಬಿಸಿಲಿಗೆ ನೆಲ ಕಾದಿತ್ತು. ಕಾಲು ಸುಡುತ್ತಿದೆ ಎಂದೆ. ನನ್ನ ಚಪ್ಪಲಿ ಬಾಗಿಲ ಒಳಗೇ ಇದ್ದವು. ಅಮ್ಮ ತಿರುಗಿ...”

ಅವನಿಗೆ ಮುಂದೆ ಹೇಳಲಾಗಲಿಲ್ಲ. ಅಮ್ಮ ‘ಬಂದೆ’ ಎಂದು ಒಳಗೆ ಹೋದ ಆ ಕೊನೆಯ ಸಾಲನ್ನು ಅವಳೇ ಬರೆದಳು.

“ನಾನು ಕಾಲು ಸುಡುತ್ತೆ ಅನ್ನದೇ ಇದ್ದಿದ್ರೆ...”

“ಅದಕ್ಕೆ ನನ್ನ ಹತ್ರ ಯಾವ ತಿದ್ದುಪಡಿಯೂ ಇಲ್ಲ,” ಎಂದ. ನಿನ್ನ ತಪ್ಪಲ್ಲ, ಮರೆತುಬಿಡು ಎಂಬ ಮಾತುಗಳನ್ನು ಅವಳು ಎಲ್ಲರಿಂದ ಕೇಳಿದ್ದಳು. ಅವನು ಅವುಗಳಲ್ಲಿ ಒಂದನ್ನೂ ಆಡಲಿಲ್ಲ. “ಆಮೇಲೆ ಏನಾಯ್ತು?”

“ಆಮೇಲೆ... ನಿಂತೇ ಇದ್ದೆ. ಅಂಗಾಲಲ್ಲಿ ಬೊಬ್ಬೆ ಬಂದದ್ದೂ ತಿಳೀಲಿಲ್ಲ. ಯಾರೋ ಎತ್ಕೊಂಡ್ರು. ಅವರ ಹೆಗಲ ಮೇಲಿಂದನೂ ಬಾಗಿಲನ್ನೇ ನೋಡ್ತಿದ್ದೆ.”

“ಅದನ್ನೂ ಬರಿ.”

‘ಬರೀರಿ’ ಎನ್ನಲಿಲ್ಲ ಅವನು. ಆ ನೋವಿನ ನಡುವೆಯೂ ಅದು ಅವಳ ಕಿವಿಗೆ ಬಿತ್ತು. ಬರೆದು ಮುಗಿಸಿ ಪೆನ್ನು ಕೆಳಗಿಟ್ಟಳು. ಎದೆ ಹಗುರವಾಗಲಿಲ್ಲ.

“ಇದನ್ನ ಚಿಕ್ಕಮ್ಮನಿಗೆ ಓದಿ ಹೇಳಬೇಕು. ಒಬ್ಬಳಿಂದ ಆಗಲ್ಲ.”

“ಪಕ್ಕದಲ್ಲಿ ಕೂತಿರ್ತೀನಿ.”

“ಪುಸ್ತಕ ಮುಗಿಯೋ ತನಕನಾ?”

“ನಾನು ಪುಸ್ತಕದ ಮಾತು ಆಡ್ತಿಲ್ಲ.”

ಅವಳು ತಲೆ ಎತ್ತಲಿಲ್ಲ. “ನನ್ನ ಜೊತೆ ಇರೋದು ಸುಲಭ ಅಲ್ಲ. ಕೆಲವು ದಿನ ಮಾತೇ ಆಡಲ್ಲ ನಾನು.”

“ಆಡಬೇಡ.”

“ಅಳ್ತೀನಿ.”

“ಅಳು.”

ಅವನ ಭುಜಕ್ಕೆ ಹಣೆ ಒತ್ತಿದಳು. ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದದ್ದು ಒಮ್ಮೆಲೇ ಉಕ್ಕಿಬಂತು. ನಡುವೆ ಏನೋ ನೆನಪಾಗಿ ಬಿಕ್ಕುತ್ತಲೇ ತಡವರಿಸಿದಳು.

“ಪುಟ... ಪುಟ ಒದ್ದೆ ಆಗುತ್ತೆ.”

“ಆಗಲೇ ಎತ್ತಿಟ್ಟಿದ್ದೀನಿ,” ಎಂದ ಅವನು. “ನೀನು ಅಳು.”