ಟೋರ್ಕಿಲ್ ಸುಟ್ಟ ಬಾವುಟ

ನಮ್ಮ ಸಂಘದ ಆಕ್ಸೆಲ್‌ನನ್ನು ಮಣ್ಣು ಮಾಡಿದ ದಿನವೇ, ಅವನಿಗಾಗಿ ಏರಿಸಿದ್ದ ಬಾವುಟ ಕಾಣೆಯಾಯಿತು. ಚರ್ಚಿನಿಂದ ನಾವೆಲ್ಲ ಹಿಂದಿರುಗಿದಾಗ ಅದು ಅರ್ಧಕ್ಕೆ ಇಳಿದೇ ಇತ್ತು. ಕಾಫಿ ಮುಗಿಸಿ ಸಂಘದ ಮನೆಯಿಂದ ಹೊರಗೆ ಬಂದರೆ ಕಂಬದಲ್ಲಿ ಕತ್ತರಿಸಿದ ಹಗ್ಗ ಮಾತ್ರ ತೂಗಾಡುತ್ತಿತ್ತು. ಕೆಳಗಿನ ಕೆಸರಿನಲ್ಲಿ ಬಟ್ಟೆ ಬಿದ್ದ ಗುರುತಿತ್ತು.

ನಮ್ಮದು ಓರ್ಹೂಸ್ ಊರಾಚೆಯ ತೋಟಗಳ ಸಂಘ. ಒಬ್ಬೊಬ್ಬರಿಗೆ ಒಂದು ತುಂಡು ನೆಲ, ಒಂದು ಪುಟ್ಟ ಮರದ ಮನೆ, ಒಂದು ಬಾವುಟದ ಕಂಬ. ಹುಟ್ಟುಹಬ್ಬಕ್ಕೂ ಸಾವಿಗೂ ದೇಶದ ಬಾವುಟ ಏರಿಸುವುದು ನಮ್ಮಲ್ಲಿ ವಾಡಿಕೆ. ಅಧ್ಯಕ್ಷ ಪ್ರೆಬೆನ್ ಹೊಗೆಯ ವಾಸನೆ ಹಿಡಿದು ನೇರವಾಗಿ ಟೋರ್ಕಿಲ್‌ನ ತೋಟಕ್ಕೆ ನಡೆದ. ಅಲ್ಲಿ ಕಸ ಸುಡುವ ಪೀಪಾಯಿಯಲ್ಲಿ ಕೆಂಪು ಬಟ್ಟೆಯ ಅಂಚೊಂದು ಇನ್ನೂ ಉರಿಯುತ್ತಿತ್ತು. "ನಾನೇ ಸುಟ್ಟೆ" ಎಂದ ಟೋರ್ಕಿಲ್.

ಅವನನ್ನು ಸಂಘದಿಂದ ಹೊರಹಾಕಲು ಭಾನುವಾರ ಸಭೆ ಕರೆದರು. ಆ ತೋಟ ಬಿಟ್ಟರೆ ಟೋರ್ಕಿಲ್‌ಗೆ ಈ ಊರಿನಲ್ಲಿ ತನ್ನದು ಎನ್ನುವ ಜಾಗ ಇರಲಿಲ್ಲ. ಹಿಂದಿನ ವರ್ಷ, ಯಾರ ಮೇಲೋ ಕೂಗಾಡಿದ್ದಕ್ಕೆ ಕ್ಷಮೆ ಕೇಳಲು ಎದ್ದು ನಿಂತು, ತನಗೆ ನಾರ್ಸಿಸಿಸ್ಟಿಕ್ ವ್ಯಕ್ತಿತ್ವದ, ಎಂದರೆ ಹೊಗಳಿಕೆಗೆ ಹಸಿದು ಅವಮಾನ ತಾಳಲಾಗದ ಮನಸ್ಸಿನ, ಕಾಯಿಲೆ ಇದೆಯೆಂದೂ ಚಿಕಿತ್ಸೆಗೆ ಹೋಗುತ್ತಿದ್ದೇನೆಂದೂ ಅವನೇ ಹೇಳಿದ್ದ. ಅಂದಿನಿಂದ ಯಾರ ಬೇಲಿ ಮುರಿದರೂ ಜನ ಅವನ ಮನೆಯ ಕಡೆ ನೋಡುತ್ತಿದ್ದರು. ಪ್ರೆಬೆನ್ ಅವನನ್ನು 'ಮಹಾರಾಜ' ಎಂದೇ ಕರೆಯುತ್ತಿದ್ದ.

ನನಗೆ ಏನೋ ಸರಿ ಇಲ್ಲ ಅನ್ನಿಸಿತು. ಏನೆಂದು ಹೇಳಲು ಬರದೆ ಗೆರ್ಡಾಳ ಬಾಗಿಲು ತಟ್ಟಿದೆ. ಪೊಲೀಸರ ಬೆರಳಚ್ಚು ವಿಭಾಗದಿಂದ ನಿವೃತ್ತಳಾದ ಗೆರ್ಡಾ ಬೇಸಿಗೆಯಿಡೀ ನಮ್ಮ ಪಕ್ಕದ ತೋಟದಲ್ಲೇ ಇರುತ್ತಿದ್ದಳು. ಕಳೆದುಹೋದ ಬೆಕ್ಕಿನಿಂದ ಕದ್ದ ಸೈಕಲ್‌ವರೆಗೆ ನಮ್ಮವರೆಲ್ಲ ಓಡುತ್ತಿದ್ದುದು ಅವಳ ಬಳಿಗೇ.

ಅವಳು ಮೊದಲು ಆ ಪೀಪಾಯಿ ನೋಡಿದಳು. ಒಳಗೆ ಬಟ್ಟೆಯ ಬೂದಿ ಬಿಟ್ಟರೆ ಒಂದು ಎಲೆಯೂ ಒಂದು ಕಡ್ಡಿಯೂ ಇರಲಿಲ್ಲ. ಪಕ್ಕದ ಕಿಟಕಿಯ ಕಟ್ಟೆಯ ಮೇಲೆ, ಬಾವುಟವನ್ನು ಹಗ್ಗಕ್ಕೆ ಸಿಕ್ಕಿಸುವ ಮರದ ಗುಂಡಿ ಕೆಸರು ಒರೆಸಿಕೊಂಡು ಕುಳಿತಿತ್ತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಎಸ್ಬೆನ್, ಕಾಫಿ ಹೊತ್ತಲ್ಲಿ ನೀನೇನು ಮಾಡ್ತಿದ್ದೆ?"

ಕೇಕು ಹಂಚುವುದು ನನ್ನ ಪಾಲಿಗೆ ಬಂದಿತ್ತು. ಚಾಕು ಎಷ್ಟು ಹುಡುಕಿದರೂ ಸಿಗದೆ ಕೈಯಲ್ಲೇ ಮುರಿದು ಬಡಿಸಿ ನಾಚಿಕೆಪಟ್ಟಿದ್ದೆ. ಸಂಘದ ಮನೆಯ ಅಡುಗೆಕೋಣೆಯ ಕಿಟಕಿಯಾಚೆ, ಬೇಲಿಯ ಗಿಡಗಳ ಮೇಲೆ ಬಾವುಟ ಹಾರುವುದು ಕಂಡು ಕಣ್ಣು ತುಂಬಿತ್ತು. ಇದನ್ನೆಲ್ಲ ಹೇಳಿದೆ. ಗೆರ್ಡಾ ಆ ಕಿಟಕಿಯ ಬಳಿ ಹೋಗಿ ನಿಂತು ಬೇಲಿಯನ್ನೂ ಕಂಬವನ್ನೂ ನೋಡಿದಳು. ಅವಳ ಮುಖ ಇಳಿದುಹೋಯಿತು. "ನಂಗೆ ಇದು ಗೊತ್ತಾಗಬಾರದಿತ್ತು" ಎಂದಳು.

ಭಾನುವಾರ ಎಲ್ಲರೂ ಸಂಘದ ಮನೆಯಲ್ಲಿ ಸೇರಿದರು. ಟೋರ್ಕಿಲ್ ಬಾಗಿಲ ಹತ್ತಿರ, ಆಕ್ಸೆಲ್‌ನ ಹೆಂಡತಿ ಬೋಡಿಲ್ ಮುಂದಿನ ಸಾಲಿನಲ್ಲಿ. ಪ್ರೆಬೆನ್ ಕೆಮ್ಮಿ ಶುರುಮಾಡಿದ.

"ಅವನ ಕಾಯಿಲೆ ಅವನೇ ಒಪ್ಕೊಂಡಿದಾನೆ. ಇಂಥೋರಿಗೆ ತಮ್ಮ ಮೇಲೆ ಬಿಟ್ಟು ಇನ್ಯಾರ ಮೇಲೂ ಪ್ರೀತಿ ಇರಲ್ಲ. ತನ್ನ ಹುಟ್ಟುಹಬ್ಬಕ್ಕೆ ತಾನೇ ಬಾವುಟ ಏರಿಸ್ಕೊಳೋ ಮಹಾರಾಜ, ಇನ್ನೊಬ್ಬನಿಗೆ ಗೌರವ ಸಿಕ್ಕಿದ್ರೆ ತಡೀತಾನಾ?"

ಕೆಲವರು ನಕ್ಕರು.

"ಹುಟ್ಟುಹಬ್ಬಕ್ಕೆ ನಿನ್ನ ಬಾವುಟ ಏರಿಸೋದು ಯಾರು ಪ್ರೆಬೆನ್?" ಗೆರ್ಡಾ ಕೇಳಿದಳು.

"ನನ್ನ ಹೆಂಡ್ತಿ."

"ಅವನಿಗೆ ಏರಿಸೋರು ಯಾರೂ ಇಲ್ಲ. ನೀನು ಅದನ್ನ ಜಂಬ ಅಂತೀಯ."

ಗೆರ್ಡಾ ನಿಧಾನವಾಗಿ ಬಿಡಿಸಿ ಹೇಳಿದಳು. ನೆಲಕ್ಕೆ ಬಿದ್ದು ಕೊಳೆಯಾದ ಬಾವುಟವನ್ನು ಕಸಕ್ಕೆ ಎಸೆಯಬಾರದು, ಸುಡಬೇಕು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ದ್ವೇಷದಿಂದ ಸುಡುವವನು ಪೀಪಾಯಿ ಗುಡಿಸುವುದಿಲ್ಲ, ಮರದ ಗುಂಡಿ ಒರೆಸಿಡುವುದಿಲ್ಲ. ಹಾಗಾಗಿ ಟೋರ್ಕಿಲ್ ಸುಟ್ಟದ್ದು ಮರ್ಯಾದೆಗೆ, ಕತ್ತರಿಸಿದವರು ಬೇರೆ. ಅಡುಗೆಕೋಣೆಯ ಕಿಟಕಿಯಿಂದ ಬೇಲಿಯ ಮೇಲೆ ಕಾಣುವುದು ಕಂಬದ ತುದಿ ಮಾತ್ರ. ಅರ್ಧಕ್ಕಿದ್ದ ಬಾವುಟ ಅಲ್ಲಿಂದ ಕಾಣುವುದೇ ಇಲ್ಲ. ನನಗೆ ಅದು ಕಂಡಿತೆಂದರೆ, ಕಾಫಿಯ ಹೊತ್ತಿನಲ್ಲಿ ಯಾರೋ ಅದನ್ನು ತುದಿಯವರೆಗೆ ಏರಿಸಿದ್ದರು. ಮಣ್ಣು ಮಾಡಿ ಬಂದ ಮೇಲೆ ಹಾಗೆ ಏರಿಸುವುದು ಪದ್ಧತಿ. ಏರಿಸಬೇಕಾದವರು ಸತ್ತವರ ಮನೆಯವರು. ಕೇಕಿನ ಚಾಕು ಕಾಣೆಯಾದದ್ದೂ ಆಗಲೇ, ಇದೇ ಮನೆಯೊಳಗಿಂದ. ಕಾಫಿಗೆ ಟೋರ್ಕಿಲ್‌ನನ್ನು ಯಾರೂ ಕರೆದಿರಲಿಲ್ಲ, ಅವನು ಒಳಗೆ ಬಂದೂ ಇರಲಿಲ್ಲ.

"ಇಷ್ಟಕ್ಕೇ ನಿಲ್ಲಿಸ್ತೀನಿ" ಎಂದಳು ಗೆರ್ಡಾ. ಅವಳು ಯಾರನ್ನೂ ನೋಡಲಿಲ್ಲ.

ಬೋಡಿಲ್ ಎದ್ದಳು. ಚೀಲದಿಂದ ಚಾಕು ತೆಗೆದು ಮೇಜಿನ ಮೇಲಿಟ್ಟಳು.

"ಏರಿಸೋಣ ಅಂತಲೇ ಹೋದೆ. ಚಾಕು ಯಾಕೆ ತಗೊಂಡೆ ಅಂತ ಈಗಲೂ ಗೊತ್ತಿಲ್ಲ. ಅರ್ಧಕ್ಕಿದ್ದಾಗ ತಡಕೊಂಡಿದ್ದೆ. ಮೇಲೆ ಹೋಗಿ ಪಟಪಟ ಅಂತು ನೋಡಿ... ನಿಮಗೆಲ್ಲ ಅವನು ಚಿನ್ನದಂಥ ಮನುಷ್ಯ. ಮನೇಲಿ ನಾನು ಬಾಯಿ ತೆಗೆಯೋ ಹಾಗಿರಲಿಲ್ಲ. ಇಷ್ಟು ವರ್ಷ ನನ್ನ ತಲೆ ಮೇಲೆ ಹಾರಾಡಿದ, ಸತ್ತ ಮೇಲೂ ಹಾರಾಡ್ತಾನಲ್ಲ ಅನ್ನಿಸ್ತು."

ಪ್ರೆಬೆನ್, "ಹಾಗಾದ್ರೆ ನಿಜವಾದ ನಾರ್ಸಿಸಿಸ್ಟು ಆಕ್ಸೆಲ್ಲೇ" ಎಂದ.

"ಸಾಕು ಪ್ರೆಬೆನ್" ಎಂದಳು ಗೆರ್ಡಾ. "ಆ ಪದವನ್ನ ಒಬ್ಬನ ಕೊರಳಿಂದ ತೆಗೆದು ಇನ್ನೊಬ್ಬನಿಗೆ ಹಾಕಬೇಡ. ಆಕ್ಸೆಲ್ ಹೆಂಡತೀನ ನೋಯಿಸಿದ. ನಮಗೆ ಗೊತ್ತಿರೋದು ಅಷ್ಟೇ. ಕೆಟ್ಟತನಕ್ಕೆಲ್ಲ ಅದು ಹೆಸರಲ್ಲ, ಆ ಹೆಸರಿರೋರೆಲ್ಲ ಕೆಟ್ಟೋರೂ ಅಲ್ಲ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಟೋರ್ಕಿಲ್‌ನನ್ನು ಯಾರೋ ಕೇಳಿದರು.

"ಅವಳು ಅಳ್ತಾ ಓಡೋದು ನೋಡಿದೆ" ಎಂದ ಟೋರ್ಕಿಲ್. "ಎಲ್ಲರ ಮುಂದೆ ನಾಚಿಕೆಯಾದ್ರೆ ಹೇಗಿರುತ್ತೆ ಅಂತ ನಂಗೆ ಗೊತ್ತು. ನನ್ನ ಮಟ್ಟಿಗೆ ಅದು ಸಾಯೋ ಥರ." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಸುಳ್ಳು ಹೇಳಲ್ಲ. ಮುಂದೊಂದು ದಿನ ತಿಳಿದು ನನ್ನ ಹೊಗಳ್ತೀರಿ ಅಂತಲೂ ಅನ್ಕೊಂಡಿದ್ದೆ. ನಾನು ಹಾಗೇ, ಅದನ್ನೇ ತಿದ್ಕೊಳ್ತಾ ಇದೀನಿ. ಆದ್ರೆ ಒಬ್ಬರಾದ್ರೂ ಬಂದು, ನೀನಲ್ಲ ಅಲ್ವಾ ಅಂತ ಕೇಳ್ತೀರಿ ಅಂತ ಕಾದೆ."

ಯಾರೂ ಕೇಳಿರಲಿಲ್ಲ. ಗೆರ್ಡಾಳ ಬಾಗಿಲು ತಟ್ಟಿದ್ದ ನಾನೂ ಅವನ ಬಾಗಿಲು ತಟ್ಟಿರಲಿಲ್ಲ.

ಅವನನ್ನು ಹೊರಹಾಕುವ ಮಾತು ಅಲ್ಲಿಗೇ ಬಿದ್ದುಹೋಯಿತು. ಆದರೆ ಆ ತಿಂಗಳೇ ಅವನು ಗುಲಾಬಿ ಗಿಡಗಳನ್ನು ಬೇರುಸಹಿತ ಕಿತ್ತು ಗೋಣಿಯಲ್ಲಿ ಸುತ್ತಿಕೊಂಡು ಅಕ್ಕನ ಊರಿಗೆ ಹೊರಟುಹೋದ. ಚಿಕಿತ್ಸೆ ಅಲ್ಲಿಯೂ ಮುಂದುವರಿಸುತ್ತೇನೆಂದು ಬೋಡಿಲ್‌ಗೆ ಮಾತ್ರ ಹೇಳಿ ಹೋದನಂತೆ.

ಸೆಪ್ಟೆಂಬರಿನಲ್ಲಿ ಅವನ ಹುಟ್ಟುಹಬ್ಬ ಬಂತು. ಬೆಳಿಗ್ಗೆ ನೋಡಿದರೆ ಆ ಖಾಲಿ ತೋಟದ ಕಂಬದ ತುದಿಯಲ್ಲಿ ಹೊಸ ಬಾವುಟ ಹಾರುತ್ತಿತ್ತು. ಸೂರ್ಯ ಮುಳುಗುವ ಮುಂಚೆ ಬೋಡಿಲ್ ಅದನ್ನು ಇಳಿಸಲು ಬಂದಳು. ಒಬ್ಬಳಿಗೇ ಕಷ್ಟ. ನಾನು ಇನ್ನೊಂದು ತುದಿ ಹಿಡಿದೆ. ನೆಲಕ್ಕೆ ತಾಗದಂತೆ ಇಬ್ಬರೂ ಅದನ್ನು ಮಡಿಸಿದೆವು.