ಎದ್ದು ಹೋಗದ ಸಲಹೆಗಾರ್ತಿ

ಮೊದಲ ದಿನವೇ ನಾನು ಎಡವಟ್ಟು ಮಾಡಿದೆ. ಮಕ್ಕಳ ಕಾಲುಚೀಲ ಮಾರುವ ನಮ್ಮ ಪುಟ್ಟ ಕಂಪನಿಗೆ ಸಲಹೆಗಾರ್ತಿಯಾಗಿ ಬಂದವರ ಮುಂದೆ ಅರ್ಧಂಬರ್ಧ ಜಾಹೀರಾತಿನ ಹಾಳೆ ಇಟ್ಟು, "ಮೇಡಂ, ಇದನ್ನ ನೀವೇ ಬರೆದುಕೊಟ್ಟುಬಿಡಿ" ಎಂದೆ. ದೊಡ್ಡ ಕಂಪನಿಯಲ್ಲಿ ಮಾರ್ಕೆಟಿಂಗ್ ಮುಖ್ಯಸ್ಥೆಯಾಗಿದ್ದವರು, ಅವರಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಹಾಳೆಯನ್ನು ಒಂದೇ ಬೆರಳಿನಿಂದ ನನ್ನತ್ತ ತಳ್ಳಿದರು.

"ನಾನು ಬರೆಯೋಕೆ ಬಂದಿಲ್ಲ, ಕೇಳೋಕೆ ಬಂದಿದ್ದೀನಿ. ಇದನ್ನ ಓದೋರು ಯಾರು?"

"ಅಮ್ಮಂದಿರು..."

"ಯಾಕೆ, ಅಪ್ಪಂದಿರಿಗೆ ಕಾಲುಚೀಲ ತೊಡಿಸೋಕೆ ಬರಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವರು ನಕ್ಕರು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಉರಿ ಎತ್ತ ಹೋಯಿತೋ ಗೊತ್ತಾಗಲಿಲ್ಲ.

ತಿಂಗಳಿಗೊಮ್ಮೆ ಬರುತ್ತಿದ್ದರು. ಮೇಜಿನ ತುದಿಯ ಕುರ್ಚಿಯಲ್ಲಿ ಬರಿಗೈಯಲ್ಲಿ ಕೂರುತ್ತಿದ್ದರು. "ಪೆನ್ನು ಹಿಡಿದ್ರೆ ತಿದ್ದೋಕೆ ಶುರು ಮಾಡಿಬಿಡ್ತೀನಿ. ಇಷ್ಟು ವರ್ಷ ಹುಕುಂ ಮಾಡಿದ ನಾಲಿಗೆ ಇದು, ಸುಮ್ಮನಿರಿಸೋದೇ ಕಷ್ಟ" ಎನ್ನುತ್ತಿದ್ದರು. ಹೇಳುವುದನ್ನೆಲ್ಲ ಹೇಳಿ ಕೊನೆಗೆ, "ಬೇಡ ಅನ್ಸಿದ್ರೆ ಬಿಸಾಕಿ. ನಿರ್ಧಾರ ನಿಮ್ಮದು" ಎನ್ನುತ್ತಿದ್ದರು.

ಕಂಪನಿಯಲ್ಲಿ ಅರ್ಧ ಪಾಲು ನನ್ನ ಅಕ್ಕನದು. ಅವಳ ಕಣ್ಣು ತಪ್ಪಿಸುವುದುಂಟೇ? "ಮೇಡಂ ಬರೋ ದಿನ ಮಾತ್ರ ನಿನ್ನ ಶರ್ಟಿಗೆ ಇಸ್ತ್ರಿ ಭಾಗ್ಯ ಕಣೋ. ನಲವತ್ತು ದಾಟಿದ ಮೇಲೆ ಪ್ರಾಯ ಬಂತಾ?" ಎಂದು ಎಲ್ಲರೆದುರಿಗೇ ಕಿಚಾಯಿಸುತ್ತಿದ್ದಳು.

ಒಮ್ಮೆ ಪ್ಯಾಕಿಂಗ್ ಡಬ್ಬಿಗಳ ಮಾತು ಬಂತು. ಮೇಡಂ ತಟ್ಟನೆ ಎದ್ದರು. "ಆ ಡಬ್ಬಿ ಮಾಡೋರು ನನ್ನ ತಮ್ಮನ ಹೆಂಡತಿಯ ತವರಿನವರು. ನನಗೆ ಹಿತಾಸಕ್ತಿ ಇರೋ ಕಡೆ ನಾನು ಸಲಹೆ ಕೊಡಬಾರದು" ಎಂದು ಹೊರಗೆ ಹೋಗಿ ನಿಂತರು. ನಾನು ಕಾಫಿ ಹಿಡಿದುಕೊಂಡು ಹೋದೆ. ಲೋಟ ಕೈ ಬದಲಾಯಿಸುವಾಗ ನನ್ನ ಬೆರಳು ಬೇಕೆಂದೇ ತಡ ಮಾಡಿತು. ಅವರು ನೋಡಿದರು, ಲೋಟವನ್ನು ಎಳೆದುಕೊಳ್ಳಲಿಲ್ಲ.

ಆಮೇಲೆ ಒಂದು ದೊಡ್ಡ ವಿದೇಶಿ ಕಂಪನಿ ನಮ್ಮನ್ನು ಕೊಳ್ಳಲು ಬಂತು. ಒಳ್ಳೆಯ ಬೆಲೆಯನ್ನೇ ಹೇಳಿದರು. ಷರತ್ತು ಒಂದೇ: ನಾನು ಮೂರು ವರ್ಷ ಅವರ ದೇಶಕ್ಕೆ ಹೋಗಿ ದುಡಿಯಬೇಕು.

ಮೀಟಿಂಗಿನ ಹಿಂದಿನ ಸಂಜೆ ಮೆಟ್ಟಿಲಿನ ಮೇಲೆ ಅವರನ್ನು ತಡೆದೆ.

"ನೀವು ಬೇಡ ಅಂದ್ರೆ ನಾನು ಹೋಗಲ್ಲ."

ಅವರು ಕಂಬಿಯನ್ನು ಹಿಡಿದು ನಿಂತರು. "ಇದನ್ನ ಸಲಹೆಗಾರ್ತಿ ಹತ್ರ ಹೇಳ್ತಿದ್ದೀರಾ?"

"ಅಲ್ಲ."

"ನಾಳೆ ಮೀಟಿಂಗಲ್ಲಿ ಉತ್ತರ ಸಿಗುತ್ತೆ" ಎಂದು ಇಳಿದು ಹೋದರು.

ಮರುದಿನ ವಿಷಯ ಬಂದಾಗ ನಾನು ಕಣ್ಣೆವೆ ಇಕ್ಕದೆ ಅವರನ್ನೇ ನೋಡಿದೆ. ಡಬ್ಬಿಗಳ ಮಾತು ಬಂದ ದಿನದ ಹಾಗೆ ಅವರು ಎದ್ದು ಹೊರಗೆ ಹೋದರೆ ಸಾಕಿತ್ತು. ಎಲ್ಲರಿಗೂ ಅರ್ಥವಾಗದಿದ್ದರೂ ನನಗೆ ಆಗುತ್ತಿತ್ತು.

ಅವರು ಏಳಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಲಾಭ, ನಷ್ಟ, ಪೈಪೋಟಿ, ಎಲ್ಲವನ್ನೂ ಎಳೆಎಳೆಯಾಗಿ ಬಿಡಿಸಿಟ್ಟು, "ನನ್ನ ಸಲಹೆ, ಒಪ್ಪಿಕೊಳ್ಳಿ" ಎಂದರು. ದನಿ ಒಂದಿಷ್ಟೂ ನಡುಗಲಿಲ್ಲ. ಇವರಿಗೆ ನಾನು ಏನೂ ಅಲ್ಲ ಎಂದುಕೊಂಡು ಆ ಸಿಟ್ಟಿನಲ್ಲೇ ಸಹಿ ಹಾಕಿದೆ. ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು.

ಎಲ್ಲರೂ ಹೋದ ಮೇಲೆ ಅವರು ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕಣ್ಣುಗಳು ಕೆಂಪಗಿದ್ದವು.

"ಏಳಬೇಕಿತ್ತು ನಾನು."

"ಏನಂದ್ರಿ?"

"ಕಾಫಿ ತಂದ್ರಲ್ಲ, ಅವತ್ತಿಂದ ನಿಮ್ಮನ್ನ ಪ್ರೀತಿಸ್ತಿದ್ದೀನಿ. ಎದ್ದಿದ್ರೆ ನೀವು ಸಹಿ ಹಾಕ್ತಿರಲಿಲ್ಲ. ನಿಮ್ಮಕ್ಕನ ದುಡಿಮೆ, ನೀವು ಕಟ್ಟಿದ್ದು, ಎಲ್ಲ ನನ್ನೊಬ್ಬಳಿಗೋಸ್ಕರ ನೀರುಪಾಲಾಗೋದು ಬೇಡ ಅನ್ನಿಸ್ತು."

ಈ ಮಾತಿಗಾಗಿ ಎಷ್ಟು ಕಾದಿದ್ದೆ! ಕೇಳಿದಾಗ ಖುಷಿಯ ಬದಲು ಸಿಟ್ಟೇ ಬಂತು.

"ಬಂದ ದಿನದಿಂದ ನಿರ್ಧಾರ ನಿಮ್ಮದು, ನಿಮ್ಮದು ಅಂತ ಪಾಠ ಹೇಳಿದ್ರಿ. ಕಾಲುಚೀಲದ ಬಣ್ಣವನ್ನೂ ನನಗೇ ಬಿಟ್ರಿ. ನನ್ನ ಬದುಕಿನ ವಿಷಯ ಬಂದಾಗ ಮಾತ್ರ ನನ್ನನ್ನ ಒಂದು ಮಾತೂ ಕೇಳದೆ ನೀವೇ ತೀರ್ಮಾನ ಮಾಡಿಬಿಟ್ರಿ."

ಅವರ ಎಡಗೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಆ ಕೆನ್ನೆಯನ್ನು ಒರೆಸಬೇಕೆಂದು ಕೈ ಎಷ್ಟು ಹಾತೊರೆದರೂ ಜೇಬಿನಲ್ಲೇ ಇಟ್ಟುಕೊಂಡೆ.

"ಹೋಗಿ ಬನ್ನಿ" ಎಂದರು ಕೊನೆಗೆ, ಮೆಲ್ಲಗೆ.

"ಹೋಗ್ತೀನಿ" ಎಂದೆ. ಬರ್ತೀನಿ ಎನ್ನಲು ನಾಲಿಗೆ ಏಳಲಿಲ್ಲ.